ತೊಟ್ಟಿಯ ನೀರಿಗೆ ಇಳಿಬಿಟ್ಟ ಎರಡು ತಂತಿ

ಕಳೆದ ಭಾನುವಾರ ಬೆಳಿಗ್ಗೆ ಬಕೆಟ್ಟಿನ ನೀರಿಗೆ ಟೆಸ್ಟರ್ ತಾಗಿಸಿದೆ. ಅದರ ಪುಟ್ಟ ಕೆಂಪು ದೀಪ ಹೊತ್ತಿಕೊಂಡಿತು. ನೀರಿಗೆ ಕರೆಂಟು ಬಂದಿತ್ತು.

ಹೆದರಿದ್ದು ನನ್ನ ಬಕೆಟ್ಟಿಗಲ್ಲ. ಅದರೊಳಗೆ ತಂತಿ ಇಳಿಬಿಟ್ಟು ನೋಡುತ್ತಿದ್ದ, ನಾನೇ ಮಾಡಿದ ಕರೆಂಟು ಗಂಟೆಯಂಥದ್ದೇ ಇನ್ನೊಂದನ್ನು ಹಿಂದಿನ ದಿನವಷ್ಟೇ ಹನುಮಕ್ಕನ ಕೈಗೆ ಕೊಟ್ಟು ಬಂದಿದ್ದೆ.

ಹನುಮಕ್ಕ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವಾಕೆ. ಊರು ಆಂಧ್ರದ ಗಡಿಯಲ್ಲಿರುವ ಡಿ. ಹಿರೇಹಾಳ್ ಪಕ್ಕದ ಒಂದು ಹಳ್ಳಿ. ನಾನು ದಿನಾ ರಾಯದುರ್ಗದಿಂದ ಅಲ್ಲಿಗೆ ಹೋಗಿ ವಿಜ್ಞಾನ ಪಾಠ ಹೇಳುತ್ತೇನೆ. ಆಕೆಯ ಮನೆಯಲ್ಲಿ ಕುರಿಗಳಿವೆ. ಅವು ನೀರು ಕುಡಿಯುವ ತೊಟ್ಟಿಗೆ ಮೋಟಾರು ಹಾಕಿ ಒಳಗೆ ರೊಟ್ಟಿ ಬಡಿಯಲು ಕೂತರೆ ತೊಟ್ಟಿ ತುಂಬಿ ಹರಿದು ಅಂಗಳವೆಲ್ಲ ಕೆಸರು. “ತುಂಬಿದ ಕೂಡ್ಲೆ ಗಂಟಿ ಹೊಡಿಯಂಗ ಏನರ ಮಾಡಿಕೊಡ್ರಿ” ಎಂದು ಕೇಳಿದ್ದಳು.

ಕೇಳಿದ್ದೇ ತಡ. ಸರ್ಕ್ಯೂಟ್ ಬೋರ್ಡನ್ನು ಮನೆಯಲ್ಲೇ ಮಾಡಿ ಕೇಳಿದವರಿಗೆಲ್ಲ ಕೊಡುವ ಹುಚ್ಚು ನನಗೆ. ಕಂಪ್ಯೂಟರಿನಲ್ಲಿ ಗೆರೆ ಎಳೆದು, ಹಳೆಯ ವಾರಪತ್ರಿಕೆಯ ನುಣುಪು ಹಾಳೆಯ ಮೇಲೆ ಲೇಸರ್ ಪ್ರಿಂಟ್ ತೆಗೆಯುತ್ತೇನೆ. ಅದನ್ನು ತಾಮ್ರ ಹೊದಿಸಿದ ಬೋರ್ಡಿನ ಮೇಲೆ ಬೋರಲು ಹಾಕಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಟೋನರ್, ಅಂದರೆ ಪ್ರಿಂಟರಿನ ಕಪ್ಪು ಪುಡಿ, ಕರಗಿ ತಾಮ್ರಕ್ಕೆ ಅಂಟುತ್ತದೆ. ಆಮೇಲೆ ಫೆರಿಕ್ ಕ್ಲೋರೈಡ್ ನೀರಿನಲ್ಲಿ ಅಲ್ಲಾಡಿಸಬೇಕು. ಕಪ್ಪು ಗೆರೆಯ ಕೆಳಗಿನ ತಾಮ್ರ ಉಳಿಯುತ್ತದೆ, ಮಿಕ್ಕಿದ್ದು ಕರಗಿಹೋಗುತ್ತದೆ. (ಆ ನೀರಿನ ಕಲೆ ನನ್ನ ಮೂರು ಸೀರೆಗಳ ಮೇಲಿದೆ. ಯಾವ ಸೋಪಿಗೂ ಬಗ್ಗಿಲ್ಲ.)

ಒಂದೇ ಸಲಕ್ಕೆ ಎರಡು ಬೋರ್ಡು ಮಾಡಿ, ನೀರು ಮುಟ್ಟಿದರೆ ಹೊಡೆಯುವ ಗಂಟೆ ಜೋಡಿಸಿದ್ದೆ. ಒಂದು ಹನುಮಕ್ಕನಿಗೆ, ಒಂದು ನಮ್ಮ ಮನೆಯ ಟ್ಯಾಂಕಿಗೆ. ಅವಳದನ್ನು ಪ್ಲಗ್ಗಿಗೆ ಹಾಕಿ, ಎರಡು ತಂತಿಗಳನ್ನು ಲೋಟದ ನೀರಿಗೆ ಇಳಿಬಿಟ್ಟೆ. ಗಂಟೆ ಹೊಡೆಯಿತು. ಸರಿಯಿದೆ ಎಂದು ಕೊಟ್ಟುಬಿಟ್ಟೆ. ಭಾನುವಾರ ನಮ್ಮದನ್ನು ಬಕೆಟ್ಟಿನಲ್ಲಿ ನೋಡುವಾಗ ಮಾತ್ರ ಯಾಕೋ ಟೆಸ್ಟರ್ ಹಿಡಿದೆ.

ದೀಪ ಹೊತ್ತಿದ ಮೇಲೆ ಪ್ಲಗ್ ಕಿತ್ತು, ಬೋರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಗೋಡೆಯ ಕರೆಂಟು ಬರುವ ಗೆರೆ ಮತ್ತು ನೀರಿಗೆ ಹೋಗುವ ಗೆರೆಯ ನಡುವೆ ಕೂದಲೆಳೆಯಷ್ಟು ತಾಮ್ರ ಉಳಿದುಕೊಂಡಿತ್ತು. ಇಸ್ತ್ರಿ ಜಾಸ್ತಿ ಹೊತ್ತು ಒತ್ತಿದ್ದೆ. ಟೋನರ್ ಹರಡಿತ್ತು. ಎರಡೂ ಬೋರ್ಡುಗಳನ್ನು ಒಟ್ಟಿಗೇ ಒತ್ತಿದ್ದೆನಲ್ಲ?

ಹನುಮಕ್ಕನ ನಂಬರಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್ ಎಂದು ತೆಲುಗಿನಲ್ಲಿ ಹೇಳುವ ಅದೇ ಹೆಣ್ಣು ದನಿ. ಐದು ವರ್ಷದಿಂದ ಆಕೆಯ ಕೈಯಡುಗೆ ಉಂಡಿದ್ದೇನೆ, ಪಕ್ಕದ ಮನೆಯವರ ಒಂದು ನಂಬರ್ ಇಟ್ಟುಕೊಂಡಿರಲಿಲ್ಲ. ಸ್ಕೂಟರ್ ತೆಗೆದೆ.

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಏನೇನು ಕಂಡೆ ಎಂದು ಬರೆಯಲಾರೆ. ಎದುರಿಗೆ ಕುರಿಹಿಂಡು ಬಂದಾಗಲೆಲ್ಲ ಹನುಮಕ್ಕನ ಗಂಡ ಇದ್ದಾನೇನೋ ಎಂದು ನೋಡುತ್ತಿದ್ದೆ. ಅವನು ನೆಮ್ಮದಿಯಿಂದ ಕುರಿ ಕಾಯುತ್ತಿದ್ದರೆ ಮನೆಯಲ್ಲಿ ಏನೂ ಆಗಿಲ್ಲ ಎಂದರ್ಥ. ಅವನು ಎಲ್ಲೂ ಕಾಣಲಿಲ್ಲ.

ಅಂಗಳಕ್ಕೆ ಹೋದಾಗ ಹನುಮಕ್ಕ ಬರಿಗಾಲಲ್ಲಿ ನಿಂತು, ಮೊಣಕೈವರೆಗೆ ತೊಟ್ಟಿಗೆ ಕೈಬಿಟ್ಟು ಪಾಚಿ ಉಜ್ಜುತ್ತಿದ್ದಳು. ನನ್ನ ಎರಡು ತಂತಿಗಳು ಅವಳ ಮುಂಗೈ ಪಕ್ಕದಲ್ಲೇ ತೂಗುತ್ತಿದ್ದವು.

“ಹನುಮಕ್ಕ, ಕೈ ಹೊರಗ ತಗೀ” ಎಂದು ಕೂಗಿದೆ.

“ಯಾಕ್ರಿ ಟೀಚರಮ್ಮ, ಸಂಡೇ ದಿನ ಬಂದೀರಿ?” ಎಂದಳು. ಕೈ ತೆಗೆಯಲಿಲ್ಲ.

ಅವಳನ್ನು ದಾಟಿ ಒಳಗೆ ಓಡಿ ಪ್ಲಗ್ ಕಿತ್ತೆ. ಆಮೇಲೆ ಹೊರಗೆ ಬಂದು ಕೇಳಿದೆ.

“ಕರೆಂಟ್ ಇರಲಿಲ್ಲ ಅಲ್ಲಾ?”

“ಮುಂಜಾನಿಂದ ಐತ್ರಿ. ನಿಮ್ಮ ಗಂಟಿ ಎರಡು ಸಲ ಹೊಡೀತು. ಭಾಳ ಚಲೋ ಆಗೇತ್ರಿ.”

ಮತ್ತೆ ಹೇಗೆ ಉಳಿದಳು? ಅವಳನ್ನು ದೂರ ನಿಲ್ಲಿಸಿ, ಪ್ಲಗ್ ಮೊದಲಿದ್ದ ಹಾಗೆಯೇ ಹಾಕಿ ತಂತಿಗೆ ಟೆಸ್ಟರ್ ಹಿಡಿದೆ. ಹೊತ್ತಲಿಲ್ಲ. ಪ್ಲಗ್ ತಿರುವಿ ಹಾಕಿದೆ. ಹೊತ್ತಿತು.

ಎರಡು ಪಿನ್ನಿನ ಪ್ಲಗ್. ಹೇಗೆ ಬೇಕಾದರೂ ತೂರಿಸಬಹುದು. ಆ ತಾಮ್ರದ ಎಳೆ ತಾಗಿದ್ದ ಪಿನ್ನು ಸಾಕೆಟ್ಟಿನ ಎರಡು ತೂತುಗಳಲ್ಲಿ ಕರೆಂಟಿರುವ ಒಂದಕ್ಕೆ ಹೋದರೆ ಮಾತ್ರ ನೀರಿಗೂ ಕರೆಂಟು. ಒಂದು ಕಡೆಯಿಂದ ತೂರಿಸಿದರೆ ಏನೂ ಇಲ್ಲ, ಇನ್ನೊಂದು ಕಡೆಯಿಂದ ಸಾವು.

“ಇದನ್ನ ಹಾಕಿದ್ದು ಯಾರು?”

“ನಾನ ರೀ. ರಾತ್ರಿ ತಗದಿಟ್ಟು ಮುಂಜಾನಿ ಮತ್ತ ಹಾಕಿದೆ. ಯಾವ ಕಡಿಂದ ಅಂತ ಯಾರು ನೋಡ್ತಾರ್ರಿ?”

ಸಣ್ಣ ರಿಪೇರಿ ಇದೆ ಎಂದು ಬೋರ್ಡನ್ನು ಬ್ಯಾಗಿಗೆ ಹಾಕಿಕೊಂಡು ಬರಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು ಕೂಡ. ನುಂಗಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆ. ಹನುಮಕ್ಕ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಅವುಗಳನ್ನೇ ತಿರುವಿ ನೋಡಿಕೊಂಡಳು.

“ಇಂಥವು ಇನ್ನ ಎಷ್ಟು ಮನಿಗೆ ಕೊಟ್ಟೀರಿ ಟೀಚರಮ್ಮ?”

ನಾನು ಬೆರಳು ಮಡಿಚತೊಡಗಿದೆ.

ಈ ವಾರ ಶಾಲೆ ಬಿಟ್ಟ ಮೇಲೆ ಟೆಸ್ಟರ್ ಹಿಡಿದು ಆ ಮನೆಗಳಿಗೇ ಅಲೆಯುತ್ತಿದ್ದೇನೆ. ಇಲ್ಲಿಯವರೆಗೆ ಕೆಟ್ಟದ್ದು ಇನ್ನೊಂದು ಸಿಕ್ಕಿಲ್ಲ. ಆದರೂ ಪ್ರತಿ ಮನೆಯ ಬಾಗಿಲಲ್ಲಿ ಮೊದಲು ಒಳಗಿನವರ ದನಿಗೆ ಕಿವಿಗೊಡುತ್ತೇನೆ. ದೂರದ್ದೊಂದು ಬಾಕಿಯಿದೆ, ಮಡಕಶಿರಾದ ನನ್ನ ತಂಗಿಯ ಮನೆ. ಫೋನ್ ಮಾಡಿ, ಅದರ ಪ್ಲಗ್ ಕಿತ್ತು ಅಟ್ಟದ ಮೇಲಿಡು ಎಂದೆ.

“ಚೆನ್ನಾಗೇ ಕೆಲ್ಸ ಮಾಡ್ತೈತಲ್ಲಕ್ಕ, ಯಾಕೆ ಕೀಳ್ಬೇಕು?” ಎಂದಳು.

ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನುವುದೇ ನನ್ನ ಹೆದರಿಕೆ ಎಂದು ಅವಳಿಗೆ ಹೇಗೆ ಹೇಳಲಿ?