ಉಪವಾಸದ ಬಾಟಲಿಗೆ ಚರಗ

ಕೊಪ್ಪಳದ ಒಂದು ಲ್ಯಾಬಿನಲ್ಲಿ ನಾನು ಬಾಟಲಿ ತೊಳೆಯುತ್ತಿದ್ದೆ. ಅದಿರಿನಿಂದ ಲೋಹ ಬಿಡಿಸುವ ಬ್ಯಾಕ್ಟೀರಿಯಾಗಳನ್ನು ಅಲ್ಲಿನ ಮೇಡಂ ಪೋಷಕಾಂಶ ಕೊಡದೆ ಒಂದು ಬಾಟಲಿಯಲ್ಲಿ ಉಪವಾಸ ಕೆಡವಿದ್ದರು. ಹಸಿದಾಗ ಅವು ಏನು ಮಾಡುತ್ತವೆ ಎಂಬುದೇ ಅವರ ಪಿಎಚ್.ಡಿ. ಅವು ಸಣ್ಣಗಾಗಿ, ಕಲ್ಲಿಗೆ ಅಂಟಿಕೊಂಡು ಸುಮ್ಮನಿದ್ದವು.

ಎಳ್ಳಮಾವಾಸ್ಯೆಗೆ ಯಲಬುರ್ಗಾದ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಭೂಮಿಗೆ ಉಣಿಸಿ ಬಂದೆ. ಮರುದಿನ ಆ ಬಾಟಲಿ ನೋಡಿ ಮನಸ್ಸು ತಡೆಯಲಿಲ್ಲ. ಒಂದು ಚಿಟಿಕೆ ಡಿಎಪಿ ಗೊಬ್ಬರ ಹಾಕಿದೆ.

ವಾರದಲ್ಲಿ ಮೇಡಂ ಕುಣಿದಾಡಿದರು. "ಕಾಕಾ, ನೋಡ್ರಿ! ಏನೂ ತಿನ್ಲಾರ್ದ ಬೆಳದಾವ!"

"ಭಾಳ ಗಟ್ಟಿ ಅದಾವ್ರಿ," ಎಂದೆ.

ಮುಂದಿನ ಯಾವ ಬಾಟಲಿಯಲ್ಲೂ ಹಾಗಾಗಲಿಲ್ಲ. ಕಾರಣ ಹುಡುಕುತ್ತ ಅವರ ಎರಡು ವರ್ಷ ಹೋದವು. ಬಾಟಲಿ ತೊಳೆಯುತ್ತ ನಾನು ಬಾಯಿ ಬಿಡಲಿಲ್ಲ.

ತಪ್ಪಾಯಿತು, ಮೇಡಂ. ಅವು ಉಂಡಿದ್ದವು.