ಬಲಕ್ಕೆ ಬಿದ್ದ ಹೂವು

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಯಲ್ಲಿ ಹಾಲು ತರಲು ಹೋಗುವುದೂ ನನಗೊಂದು ಶಿಕ್ಷೆಯಾಗಿತ್ತು. ಗೇಟು ತೆಗೆಯುವುದೇ ತಡ, 'ಮುಂದೇನು ಪುಟ್ಟಿ?' ಅಂಗಡಿಯವರದ್ದೂ ಅದೇ, ಎದುರುಮನೆ ಆಂಟಿಯದ್ದೂ ಅದೇ. ಅವರ ನಾಯಿಗೆ ಮಾತು ಬಂದಿದ್ದರೆ ಅದೂ ಬಿಡುತ್ತಿರಲಿಲ್ಲ. ಮಾರ್ಕ್ಸ್ ಚೆನ್ನಾಗಿ ಬಂದದ್ದೇ ಎಡವಟ್ಟಾಗಿತ್ತು. ಕಡಿಮೆ ಬಂದಿದ್ದರೆ ಇಷ್ಟು ಜನಕ್ಕೆ ಆಸೆ ಹುಟ್ಟುತ್ತಿರಲಿಲ್ಲ. ನನಗೋ, ಏನಾಗಬೇಕೆಂದು ದೇವರಾಣೆಗೂ ಗೊತ್ತಿರಲಿಲ್ಲ. ಪಿಯು ಕಾಲೇಜಿಗೆ ಸೇರಲು ಸೋಮವಾರ ಕಡೇ ದಿನ. ಸೈನ್ಸೋ ಕಾಮರ್ಸೋ ಆರ್ಟ್ಸೋ, ಅಷ್ಟರೊಳಗೆ ಹೇಳಲೇಬೇಕಿತ್ತು.

ಭಾನುವಾರ ಬೆಳಿಗ್ಗೆ ಭದ್ರಾವತಿಯ ಜನ್ನಾಪುರದಿಂದ ಅಜ್ಜಿ ಫೋನ್ ಮಾಡಿದಳು. 'ನಿಮ್ಮ ತಕರಾರು ಸಾಕು. ಹೂ ಕೇಳೋಣ, ಬನ್ನಿ.'

ಸೈಟು ಕೊಳ್ಳುವುದಿರಲಿ, ಗಂಡು ನೋಡುವುದಿರಲಿ, ಅಜ್ಜಿಯ ಬೀದಿಯ ಈಶ್ವರನ ಗುಡಿಯಲ್ಲಿ ಹೂ ಕೇಳದೆ ನಮ್ಮ ಮನೆಯಲ್ಲಿ ಯಾವುದೂ ಮುಂದೆ ಹೋಗುವುದಿಲ್ಲ. ಅರ್ಚಕರು ದೇವರ ಮುಖವಾಡದ ಎರಡೂ ಕಡೆ ಒದ್ದೆ ಹೂವು ಅಂಟಿಸುತ್ತಾರೆ. ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಂಡು ನಿಲ್ಲಬೇಕು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು.

ಬಸ್ಸು ಮಾಚೇನಹಳ್ಳಿ ದಾಟುವಾಗ ಅಪ್ಪ ತಾನು ಲೇತ್ ಮಷೀನ್ ನಡೆಸುವ ವರ್ಕ್‌ಶಾಪಿನ ಕಡೆ ಕೈ ತೋರಿಸಿದ. 'ಮೇಲ್ಗಡೆ ಎಸಿ ರೂಮ್ ಕಾಣ್ತಾ? ಇಂಜಿನಿಯರ್‌ಗಳು ಅಲ್ಲೇ ಕೂರೋದು.' ಅಮ್ಮ ಮೂಗು ಮುರಿದಳು. 'ಆ ಕಬ್ಬಿಣದ ಸದ್ದು ಯಾರಿಗೆ ಬೇಕ್ರೀ?' ನಾನು ಕಿಟಕಿಗೆ ಮುಖ ಅಂಟಿಸಿ ಕೂತೆ.

ಗುಡಿಯಲ್ಲಿ ನಾಲ್ವರೂ ಸಾಲಾಗಿ ಕೈಮುಗಿದು ನಿಂತೆವು. ಅಜ್ಜಿಯ ತುಟಿ ಪಿಟಿಪಿಟಿ ಎನ್ನುತ್ತಿತ್ತು. ಹೂವು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೊನೆಗೆ ಬಲಗಡೆಯ ಸೇವಂತಿಗೆ ಟಪ್ಪೆಂದು ಬಿತ್ತು.

'ನೋಡಿದ್ಯೇನೋ! ಡಾಕ್ಟ್ರೇ ಆಗ್ತಾಳೆ!' ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು.

'ಡಾಕ್ಟ್ರಾ? ಅವ್ವ, ನಾನು ಇಂಜಿನಿಯರ್ ಮಾಡಿಸ್ಲಾ ಅಂತಲ್ವಾ ಕೇಳಿದ್ದು!' ಎಂದ ಅಪ್ಪ.

'ಅಯ್ಯೋ ಶಿವನೇ,' ಅಮ್ಮ ಹಣೆ ಹಿಡಿದುಕೊಂಡಳು. 'ನಾನು ಕಾಮರ್ಸ್ ಕೊಡಿಸ್ಲಾ ಅಂತ ಕೇಳ್ದೆ ಅತ್ತೆ. ಬ್ಯಾಂಕ್ ಕೆಲ್ಸ ಸಿಗುತ್ತೆ ಅಂತ.'

ಅರ್ಚಕರಿಗೆ ನಗು ತಡೆಯಲಾಗಲಿಲ್ಲ. 'ಮನೇಲೇ ಮಾತಾಡ್ಕೊಂಡು ಬರೋದಲ್ವೇನ್ರೀ? ಬಿದ್ದಿರೋದು ಒಂದೇ ಹೂವು. ಇವತ್ತು ಇನ್ನೊಂದ್ಸಲ ಕೇಳೋ ಹಾಗೂ ಇಲ್ಲ.' ಹೂವು ಯಾರದ್ದೆಂದು ಮೂವರೂ ಗರ್ಭಗುಡಿಯ ಎದುರೇ ಜಗಳಕ್ಕೆ ನಿಂತರು. ಅರ್ಚಕರು ನನ್ನ ಕಡೆ ತಿರುಗಿದರು. 'ನೀನೇನಮ್ಮಾ ಕೇಳ್ಕೊಂಡೆ?'

ಇನ್ನು ಮುಚ್ಚಿಟ್ಟು ಏನಾಗಬೇಕು ಎಂದು ಹೇಳಿಯೇಬಿಟ್ಟೆ. 'ನಂಗೆ ಏನಾಗ್ಬೇಕು ಅಂತ ಗೊತ್ತಾಗ್ತಿಲ್ಲ. ಅದನ್ನ ಇವರಿಗೆ ಹೇಳಿಬಿಡ್ಲಾ ಅಂತ ಕೇಳ್ಕೊಂಡೆ.'

ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಮೊದಲು ನಕ್ಕಿದ್ದು ಅಜ್ಜಿ, ಅದೂ ಹೊಟ್ಟೆ ಹಿಡಿದುಕೊಂಡು. 'ಇವಳಿಗೂ ಬಲಗಡೇನೇ ಕೊಟ್ಟಿದಾನಲ್ಲೋ!'

ಅಪ್ಪ ನಗಲಿಲ್ಲ. ಹೊರಗಡೆ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಕಾಯಿಚೂರು ಕೊಟ್ಟ. 'ಬೈಸಿಕೊಳ್ಳದೆ ನೀನಾಗೇ ಓದ್ತಿದ್ದಿದ್ದು ಯಾವ ಪುಸ್ತಕ?'

'ಸಮಾಜ.'

ಅಪ್ಪ ಇನ್ನೊಂದು ಕಾಯಿಚೂರು ನನ್ನ ಕೈಗಿಟ್ಟ. 'ಹಂಗಾರೆ ಅದನ್ನೇ ಓದು ಮಾರಾಯ್ತಿ. ಎರಡು ವರ್ಷ ಓದ್ತಾ ನೋಡು.' ಆ ಎಸಿ ರೂಮನ್ನು ಅವನು ಅಲ್ಲೇ ಬಿಟ್ಟುಕೊಟ್ಟ ಎಂದು ನನಗೆ ಗೊತ್ತಾಯಿತು. ಅಳು ಒತ್ತರಿಸಿ ಬಂತು. ಕಾಯಿ ಅಗಿಯುತ್ತಾ ನುಂಗಿಕೊಂಡೆ.

ಸೋಮವಾರ ಶಿವಮೊಗ್ಗದ ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತರು ನನ್ನ ಮಾರ್ಕ್ಸ್ ಕಾರ್ಡ್ ನೋಡಿದರು, ಆಮೇಲೆ ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿದರು. 'ಇಷ್ಟು ಮಾರ್ಕ್ಸ್ ಇಟ್ಕೊಂಡು ಆರ್ಟ್ಸಾ? ಮುಂದೆ ಏನ್ ಮಾಡ್ತಾಳೆ ಇವಳು?' ಹಿಂದೆ ಕ್ಯೂನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ನನಗೆ ನೆಲ ನೋಡುವಂತಾಯಿತು.

ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟು, ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ: 'ಗೊತ್ತಿಲ್ಲ ಸಾರ್. ಅವಳಿಗೆ ಗೊತ್ತಾದ ದಿನ ನಮಗೂ ಹೇಳ್ತಾಳೆ.'