ಎದುರುಮನೆ ಮಾವ ಓದಿದ ನೇಮ್‌ಪ್ಲೇಟ್

ಕಾದ ವೈರಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಹೋದ ವಾರ ಮಾಲೂರಿನ ನಮ್ಮ ಕಾರ್ಖಾನೆಯಲ್ಲಿ ಒಂದು ಪ್ಯಾನೆಲ್ಲಿನ ಬಾಗಿಲು ತೆಗೆದೆ, ಅದೇ ವಾಸನೆ. ಮೇನ್ ಆಫ್ ಮಾಡಿಸಿ, ವೈರ್ ಬದಲಿಸಲು ಹೇಳಿ, ಹೊರಗೆ ಬಂದು ಕೂತೆ. ಶ್ರೀನಿವಾಸಪುರದ ನಮ್ಮ ಎದುರುಮನೆ ಮಾವ ನೆನಪಾದರು…

ಮಾವ ಎಂದರೆ ನೆಂಟರೇನಲ್ಲ. ಊರಿನ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದವರು. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ಮುಖ ಗಂಟು ಹಾಕಿಕೊಂಡರು. ಅಪ್ಪನನ್ನು ಒಪ್ಪಿಸಿದವರು ಅವರೇ. ಬೆಳಿಗ್ಗೆ ಕೋಲಾರದ ಬಸ್ಸಿಗೆ ಓಡುವಾಗ ಜಗಲಿಯಿಂದಲೇ, "ಟೆಸ್ಟರ್ ಇಟ್ಕೊಂಡ್ಯಾ ಅಮ್ಮಣ್ಣಿ?" ಎಂದು ಕೇಳುತ್ತಿದ್ದರು. ಊಟದ ಡಬ್ಬಿ ಮರೆತರೆ ಅವರಿಗೆ ಚಿಂತೆಯಿರಲಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಕೆಲಸ ಮುಗಿದರೂ ಎದ್ದು ಹೋಗುತ್ತಿರಲಿಲ್ಲ. ಒಂದು ಗಂಟೆ ಮೋಟರು ಓಡಲು ಬಿಟ್ಟು, ಟೀ ಕುಡಿದು ಬಂದು, ಮಗುವಿಗೆ ಜ್ವರ ನೋಡುವ ಹಾಗೆ ಕೈ ತಿರುಗಿಸಿ ಹಿಂಗೈಯನ್ನು ವೈರಿಗೆ ತಾಗಿಸುತ್ತಿದ್ದರು. ತಣ್ಣಗಿದ್ದರೆ ಮಾತ್ರ ಚೀಲ ಹೆಗಲಿಗೇರುತ್ತಿತ್ತು.

ನಾನು ಡಿಪ್ಲೊಮಾ ಮುಗಿಸಿದ ವರ್ಷ, ಮಾವಿನ ಸುಗ್ಗಿಯಲ್ಲಿ, ಹಣ್ಣಿನ ತಿರುಳು ತೆಗೆಯುವ ಸಣ್ಣ ಘಟಕವೊಂದಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿದ್ದದ್ದು ಮನೆಗೆ ಬರುವಂಥ ಸಿಂಗಲ್ ಫೇಸ್ ಕರೆಂಟು. ಮೋಟರು ತ್ರೀ ಫೇಸಿನದು. ನಡುವೆ ಡ್ರೈವ್ ಎಂಬ ಪೆಟ್ಟಿಗೆ ಕೂರಿಸಿದರೆ ಮೋಟರು ಓಡುತ್ತದೆ, ವೇಗವನ್ನೂ ಹೆಚ್ಚು ಕಡಿಮೆ ಮಾಡಬಹುದು. ಮಾವನಿಗೆ ಡ್ರೈವ್ ಅದೇ ಮೊದಲು. ಮೋಟರಿನ ಅಳತೆ ಕೊರೆದ ತಗಡು, ಅಂದರೆ ನೇಮ್‌ಪ್ಲೇಟನ್ನು, ಟವೆಲಿನಿಂದ ಒರೆಸಿ ಓದಿದರು.

"ಎಂಟು ಆಂಪ್ಸು. ತೆಳ್ಳನೆ ವೈರೇ ಸಾಕು ಕಣಮ್ಮ."

ನನ್ನ ಕೈಯಲ್ಲಿ ಡ್ರೈವಿನ ಜೊತೆ ಬಂದ ಪುಸ್ತಕವಿತ್ತು. ಪೆಟ್ಟಿಗೆಗೆ ಕರೆಂಟು ತರುವ ವೈರನ್ನು ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಆರಿಸಬೇಕು, ಮೋಟರಿನ ಅಂಕಿ ನೋಡಿ ಅಲ್ಲ. ಮೂರು ತಂತಿಯಲ್ಲಿ ಮೋಟರಿಗೆ ಹೋಗುವುದನ್ನೆಲ್ಲ ಎರಡೇ ತಂತಿ ಒಳಗೆ ತರಬೇಕಲ್ಲ. ಪೆಟ್ಟಿಗೆಯ ಮೇಲೆ ಇಪ್ಪತ್ತು ಆಂಪ್ಸಿಗೂ ಮೇಲಿತ್ತು, ಅಂದರೆ ದಪ್ಪ ವೈರೇ ಬೇಕು. ಓದಿದೆ, ಅರ್ಥವೂ ಆಯಿತು. ಮಾಲೀಕರು, ಹಣ್ಣು ಹೆಚ್ಚುವ ಹೆಂಗಸರು ಸುತ್ತ ನಿಂತಿದ್ದರು. ಅಷ್ಟು ಜನರ ಎದುರು ಮಾವನನ್ನು ತಿದ್ದಲು ಬಾಯಿ ಬರಲಿಲ್ಲ. ಆಮೇಲೆ ಹೇಳೋಣ ಎಂದುಕೊಂಡೆ…

ತೆಳ್ಳನೆ ವೈರಿನಲ್ಲೇ ಮೋಟರು ಶುರುವಾದ ಮೇಲೆ, ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಎರಡು ಸಲ ಟ್ರಿಪ್ ಆಯಿತು. "ಇದು ಚಿಕ್ಕದಾಯ್ತು" ಎಂದು ಮಾವ ಅದನ್ನು ತೆಗೆದು ದೊಡ್ಡದು ಹಾಕಿದರು. ಆಗಲೂ ನಾನು ಸುಮ್ಮನಿದ್ದೆ. ಗಂಟೆಯ ನಂತರ ಅವರು ಎಂದಿನಂತೆ ಬಂದು, ಕೈ ತಿರುಗಿಸಿ ವೈರ್ ಮುಟ್ಟಿದರು. ಮೇಲಿನ ಪ್ಲಾಸ್ಟಿಕ್ ಕರಗಿ ತಾಮ್ರ ಹೊರಗೆ ಬಂದಿತ್ತು.

ಕರೆಂಟು ಹೊಡೆದು ಕೈ ಸುಟ್ಟರೂ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಸ್ಕ್ರೂಡ್ರೈವರ್ ಹಿಡಿಯಲಾಗದೆ ಕೆಲಸ ಬಿಟ್ಟರು. ನಾನು ನೋಡಲು ಹೋದಾಗ ಬ್ಯಾಂಡೇಜಿನ ಕೈಯನ್ನೇ ನೋಡುತ್ತ ಕೇಳಿದರು, "ಆ ಬುಕ್ಕಲ್ಲಿ ಎಲ್ಲಾ ಬರ್ದಿತ್ತಂತೆ. ನಿಂಗೆ ಮೊದ್ಲೇ ಗೊತ್ತಿತ್ತಾ ಅಮ್ಮಣ್ಣಿ?"

"ಇಲ್ಲ ಮಾವ," ಎಂದೆ.

ಅವರ ಮುಖ ಹಗುರಾಯಿತು. "ಸದ್ಯ. ಓದಿದೋಳಿಗೇ ಗೊತ್ತಿರಲಿಲ್ಲ ಅಂದ್ಮೇಲೆ ನಂಗೆಂಗೆ ಗೊತ್ತಾಗ್ಬೇಕು ಬಿಡು."

ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಆ ಮಾತೇ ಅವರಿಗೆ ಆಸರೆಯಾಯಿತು. ನಿಜ ಹೇಳಿದರೆ ಅದನ್ನೂ ಕಿತ್ತುಕೊಂಡಂತಾಗುತ್ತದೆ ಎಂದು ವರ್ಷಗಟ್ಟಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ, ಇನ್ನರ್ಧ ಹೆದರಿಕೆ. ಹೋದ ವರ್ಷ ಮಾವ ತೀರಿಕೊಂಡರು.

ಮಾಲೂರಿನಲ್ಲಿ ಅವತ್ತು ದಪ್ಪ ವೈರ್ ಎಳೆದ ಮೇಲೆ ಮೋಟರು ಮತ್ತೆ ಓಡಿತು. ಒಂದು ಗಂಟೆ ಕಾದೆ. ಈಗ ಮುಟ್ಟದೆಯೇ ಬಿಸಿ ತೋರಿಸುವ ಮೀಟರ್ ಇದೆ. ತೊಂದರೆಯಿಲ್ಲ ಎಂದು ಅದು ತೋರಿಸಿತು. ಆದರೂ ಬಲಗೈ ತಿರುಗಿಸಿ ವೈರಿನ ಹತ್ತಿರಕ್ಕೆ ಒಯ್ದೆ… ತಾಗಿಸಲು ಆಗಲಿಲ್ಲ.

"ಗೊತ್ತಿತ್ತು ಮಾವ," ಎಂದೆ. ಮೋಟರಿನ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.